ರಂಗೂನಿನ ಅಕ್ಕ ಹರಿದಿಟ್ಟ ಹಾಳೆಗಳು

ಅಕ್ಕನ ವೈಕುಂಠ ಸಮಾರಾಧನೆ ಮುಗಿದ ಮೂರನೆಯ ದಿನ ಅವರ ತಮ್ಮನ ಮಗಳು ನಮ್ಮ ಮನೆಗೆ ಬಂದು, ಹಳೆಯ ಟವೆಲಿನಲ್ಲಿ ಸುತ್ತಿದ್ದ ಒಂದು ಕಟ್ಟನ್ನು ನನ್ನ ಕೈಗಿಟ್ಟಳು. "ಮಾವ ಕೊಟ್ಟು ಬಾ ಅಂದ್ರು ಆಂಟಿ. ಇದರಲ್ಲಿ ಅರ್ಧ ನಿಮ್ಮ ಮನೆ ರೇಡಿಯೋದು ಅಂತೆ" ಎಂದಳು. ಬಿಚ್ಚಿ ನೋಡಿದರೆ, ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆಗಳು. ಅಂಗಡಿಗಳಲ್ಲಿ ಚೀಟಿ ಚುಚ್ಚಿಡುತ್ತಾರಲ್ಲ, ಅಂಥ ತಂತಿಗೆ ಒಂದರ ಮೇಲೊಂದು ಚುಚ್ಚಿಟ್ಟಿದ್ದರು. ತಂತಿ ತುಕ್ಕು ಹಿಡಿದು ಪ್ರತಿ ಹಾಳೆಯ ನಡುವೆಯೂ ಒಂದು ಕಂದು ಬೊಟ್ಟು. ಮುಂದೆ ದಪ್ಪ ಅಕ್ಷರದ ತಾರೀಖು, ತಿಥಿ, ನಕ್ಷತ್ರ, ರಾಹುಕಾಲ. ಹಿಂದೆ ಪೆನ್ಸಿಲ್ಲಿನಲ್ಲಿ ಅವರ ಪುಟ್ಟ, ನೆಟ್ಟಗಿನ ಬರವಣಿಗೆ. ಬರೆದ ಪ್ರತಿ ಹಾಳೆಯೂ "ರಂಗೂನು:" ಎಂದೇ ಶುರುವಾಗುತ್ತದೆ.

ಆ ಹಾಳೆಗಳ ಬಗ್ಗೆ ನನಗೆ ಗೊತ್ತಿತ್ತು. ಅವುಗಳ ಹಿಂದೆ ಏನು ಬರೆದಿದ್ದಾರೆ ಎಂದು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬೀದಿಯವರಿಗೆಲ್ಲ ಅವರು ರಂಗೂನಮ್ಮ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮದುವೆಯ ಕರೆಯೋಲೆಯಲ್ಲಿ ಹೆಸರು ಅಚ್ಚಾದರೂ ಮುಖ ಸಿಂಡರಿಸುತ್ತಿದ್ದವರು ಅವರು.

ಅವರು ಬಂದದ್ದು ಅರವತ್ತನಾಲ್ಕನೆಯ ಇಸವಿಯಲ್ಲಿ. ಆ ಮೇ ತಿಂಗಳಲ್ಲಿ ನಮ್ಮ ಪ್ರಧಾನಿ ತೀರಿಕೊಂಡಾಗ ಬೀದಿಯ ಜನವೆಲ್ಲ ನಮ್ಮ ಹಜಾರದಲ್ಲಿ ರೇಡಿಯೋ ಮುಂದೆ ಕೂತಿದ್ದರು. ಜಯನಗರದ ಮೂರನೇ ಬ್ಲಾಕಿನ ನಮ್ಮ ಬೀದಿಯಲ್ಲಿ ರೇಡಿಯೋ ಇದ್ದದ್ದು ನಮ್ಮ ಮನೆಯಲ್ಲೊಂದೇ. ಆ ದುಃಖ ಆರಿ, ಮೊದಲ ಮಳೆ ಬಿದ್ದ ವಾರ, ಪಕ್ಕದ ಮನೆಯ ಮೇಷ್ಟರ ಗೇಟಿನೆದುರು ಒಂದು ಜಟಕಾ ನಿಂತಿತು. ಮೇಷ್ಟರಿಗೆ ಒಬ್ಬ ಅಕ್ಕ ಇದ್ದಾರೆ, ಮದುವೆಯಾಗಿ ಬರ್ಮಾದಲ್ಲಿದ್ದಾರೆ, ಭಾವ ರಂಗೂನಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾರೆ ಎಂದು ಅವರ ಹೆಂಡತಿ ಹೇಳುತ್ತಿದ್ದುದುಂಟು. ಬರ್ಮಾದ ಶ್ರೀಮಂತ ನಾದಿನಿ ಎಂದರೆ ನನ್ನ ಕಣ್ಣಿಗೆ ರೇಷ್ಮೆ ಸೀರೆ, ಕೆಂಪು ಹರಳಿನ ಓಲೆ. ಜಟಕಾದಿಂದ ಇಳಿದದ್ದು ನೂಲಿನ ಸೀರೆಯುಟ್ಟ, ತೆಳ್ಳಗೆ ಎತ್ತರದ, ನಲವತ್ತೈದರ ಆಸುಪಾಸಿನ ಹೆಂಗಸು. ಒಂದು ತಗಡಿನ ಟ್ರಂಕು, ಎಣ್ಣೆ ಬಳಿದ ಕಾಗದದ ಒಂದು ಕೊಡೆ. ಹಣೆಯಲ್ಲಿ ಕಾಸಗಲದ ಕುಂಕುಮ. ಕತ್ತು ಬರಿದು.

ನಮ್ಮ ಅತ್ತೆ ಕಿಟಕಿಯ ಬಳಿಯಲ್ಲೇ ಇದ್ದರು. "ಕುಂಕುಮ ಇದೆ, ತಾಳಿ ಇಲ್ಲ. ಇದ್ಯಾವ ದೇಶದ ಪದ್ಧತಿಯೇ?" ಎಂದರು.

ಮೇಷ್ಟರ ಮನೆಯ ಹಿಂದುಗಡೆ ಒಂದು ಕೋಣೆ ಇತ್ತು, ಮೊದಲು ಸೌದೆ ತುಂಬುತ್ತಿದ್ದರು. ಅಕ್ಕ ಅದನ್ನೇ ಗುಡಿಸಿ ಸಾರಿಸಿ ತಮ್ಮದು ಮಾಡಿಕೊಂಡರು. ಗೋಡೆಗೆ ಒಂದು ಮೊಳೆ ಹೊಡೆದು ಕ್ಯಾಲೆಂಡರು ನೇತುಹಾಕಿದರು. ಎರಡನೆಯ ದಿನವೇ ನಮ್ಮ ಮನೆಯ ಬಾಗಿಲಿಗೆ ಬಂದು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ನಮ್ಮ ಯಜಮಾನರನ್ನು ಕೇಳಿದರು: ಸಾಯಂಕಾಲದ ವಾರ್ತೆ ಕೇಳಬಹುದೇ? ಹಾಗೇ ಮುಳ್ಳನ್ನು ಸ್ವಲ್ಪ ಆಚೆ ತಿರುಗಿಸಿದರೆ ರಂಗೂನು ಸಿಗುತ್ತದೋ ಏನೋ, ಒಮ್ಮೆ ನೋಡಬಹುದೇ?

ನಮ್ಮ ಯಜಮಾನರು ರೇಡಿಯೋವನ್ನು ಮಗುವಿನ ಹಾಗೆ ನೋಡಿಕೊಳ್ಳುವವರು, ನನಗೂ ಅದರ ಗುಂಡಿ ಮುಟ್ಟಲು ಅಪ್ಪಣೆ ಇರಲಿಲ್ಲ. ಅವರು ಹತ್ತು ನಿಮಿಷ ತಿರುಗಿಸಿದ ಮೇಲೆ, ಕರಕರ ಸದ್ದಿನ ನಡುವಿನಿಂದ ಬಟ್ಟಲು ಬಟ್ಟಲಾಗಿ ನೀರು ಸುರಿದಂಥ ಒಂದು ಭಾಷೆ ಕೇಳಿತು. ಅಕ್ಕ ನೆಲದ ಮೇಲೆ ಕೂತವರು ಹಾಗೇ ಮುಂದಕ್ಕೆ ಬಗ್ಗಿದರು. ಮುಗಿದ ಮೇಲೆ ನಮಗೆ ಕನ್ನಡದಲ್ಲಿ ಹೇಳಿದರು. ಭತ್ತದ ಖರೀದಿ, ಯಾರೋ ಮಂತ್ರಿಯ ಭಾಷಣ, ಯಾವುದೋ ಜಿಲ್ಲೆಯಲ್ಲಿ ಮಳೆ, ಅಷ್ಟೇ. ಅಷ್ಟಕ್ಕೇ ಅವರ ಮುಖ ತಿಳಿಯಾಯಿತು.

ಹೀಗೆ ನಮ್ಮ ಮನೆಯ ಹಜಾರಕ್ಕೆ ಬರ್ಮಾ ಬಂತು. ಗಾಂಧಿಬಜಾರಿನಾಚೆ ಊರು ಕಾಣದ ನನಗೆ ಆ ವರ್ಷ ಅಲ್ಲಿ ಏನೇನಾಯಿತು ಎಂದು ಬಾಯಿಪಾಠವಾಯಿತು. ಎರಡು ವರ್ಷದ ಹಿಂದೆ ಸೈನ್ಯದವರು ಸರಕಾರ ಹಿಡಿದದ್ದು, ಆಮೇಲೆ ಬ್ಯಾಂಕುಗಳು ಸರಕಾರದ್ದಾದದ್ದು. ಆ ವರ್ಷದ ಮಾರ್ಚಿನಲ್ಲಿ ಒಂದು ಬೆಳಗ್ಗೆ ರಂಗೂನಿನ ಅಂಗಡಿಗಳಿಗೆಲ್ಲ ಒಬ್ಬೊಬ್ಬ ಅಧಿಕಾರಿ ಬಂದು, ಇನ್ನು ಇದು ಜನರ ಅಂಗಡಿ ಎಂದು ಹೇಳಿ ಬೀಗದ ಕೈ ತೆಗೆದುಕೊಂಡದ್ದು. ಮೂವತ್ತು ವರ್ಷ ಅವರ ಯಜಮಾನರು ಕಟ್ಟಿ ಬೆಳೆಸಿದ ಔಷಧಿ ಅಂಗಡಿಗೆ ಹೆಸರು ಹೋಗಿ ನಂಬರು ಬಂತು. ಮೇ ತಿಂಗಳಲ್ಲಿ ದೊಡ್ಡ ನೋಟುಗಳೂ ರದ್ದಾದವು. ಆಮೇಲೆ ನಮ್ಮವರು ಹಡಗುಗಟ್ಟಲೆ ಹೊರಟರು. ಅಂಗಡಿಯ ಸಾಮಾನೆಲ್ಲ ಪಟ್ಟಿ ಮಾಡಿ ಒಪ್ಪಿಸುವವರೆಗೆ ಅವರ ಯಜಮಾನರು ಹೊರಡುವಂತಿರಲಿಲ್ಲ. ಹೆಂಡತಿಯನ್ನು ಮೊದಲು ಹಡಗು ಹತ್ತಿಸಿದರು.

ಇದನ್ನೆಲ್ಲ ಅವರು ಅಡುಗೆಯ ವಿಷಯ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದರು. ಒಮ್ಮೆ ಮೂಲೆ ಮನೆಯ ರಾಯರು ರೇಡಿಯೋ ಕೇಳಲು ಬಂದಿದ್ದವರು, ಆ ಬರ್ಮಾದವರು ಕೃತಘ್ನರು, ನಮ್ಮವರಿಲ್ಲದಿದ್ದರೆ ಅವರಿಗೆ ಅಂಗಡಿ ಇಡುವುದೂ ಗೊತ್ತಿರಲಿಲ್ಲ ಎಂದು ಶುರುಮಾಡಿದರು. ಅಕ್ಕ ಅವರ ಕಡೆ ತಿರುಗಿದರು. "ಹಾಗನ್ಬೇಡಿ. ಅವರ ಊರಲ್ಲಿ ಇದ್ದದ್ದು ನಾವು. ನಮ್ಮ ಅಂಗಡಿ ಮೂರು ಮಹಡಿ ಆಯ್ತು, ಎದುರುಮನೆ ಬರ್ಮಾದಾಕೆ ಗುಡಿಸಲು ಗುಡಿಸಲಾಗೇ ಇತ್ತು. ಆದ್ರೂ ಈಗ ನಮ್ಮನೆಯವರಿಗೆ ದಿನಾ ಅನ್ನ ಮಾಡಿ ಹಾಕ್ತಿರೋಳು ಅವಳೇ. ಮೀನು ಮುಟ್ಟದ ಪಾತ್ರೆ ಬೇರೆ ಇಟ್ಟಿದಾಳಂತೆ." ರಾಯರು ಮಳೆಯ ಮಾತು ತೆಗೆದರು.

ದಿನವೂ ವಾರ್ತೆ ಮುಗಿದ ಮೇಲೆ ಮನೆಗೆ ಹೋಗಿ ಆ ದಿನದ ಹಾಳೆ ಹರಿದು, ಅದರ ಹಿಂಬದಿಗೆ ಕೇಳಿದ್ದನ್ನು ಬರೆದು, ತಂತಿಗೆ ಚುಚ್ಚುತ್ತಿದ್ದರು. ಇದೇಕೆ ಅಕ್ಕ ಎಂದು ಕೇಳಿದ್ದಕ್ಕೆ, ಅವರು ಬಂದ ಮೇಲೆ ಓದಲಿಕ್ಕೆ ಎಂದರು. ಅಲ್ಲೇ ಇದ್ದವರಿಗೆ ಅಲ್ಲಿಯ ಸುದ್ದಿ ಬೇಕೇ ಎಂದೆ. "ಅಲ್ಲಿ ಇರೋರಿಗೆ ತಮ್ಮ ಬೀದಿ ಬಿಟ್ರೆ ಏನೂ ಗೊತ್ತಾಗಲ್ಲ ಹುಡುಗಿ. ಒಂದು ದಿನಾನೂ ಬಾಕಿ ಇಡಬಾರದು. ಇವತ್ತಿನ ಹಾಳೆ ಇವತ್ತೇ ಹರೀಬೇಕು." ಇದು ಅವರ ಮಾತು. ಪಾತ್ರೆ ಬಾಕಿ ಬಿದ್ದರೂ ಇದನ್ನೇ ಹೇಳುತ್ತಿದ್ದರು, ಮಕ್ಕಳ ಪಾಠ ಬಾಕಿ ಬಿದ್ದರೂ ಇದನ್ನೇ.

ನನ್ನ ಮೊದಲ ತಪ್ಪು ಶ್ರಾವಣದಲ್ಲಿ. ವರಮಹಾಲಕ್ಷ್ಮಿ ಪೂಜೆಗೆ ಮುತ್ತೈದೆಯರನ್ನು ಕರೆಯಲು ಹೊರಟಾಗ ಅತ್ತೆ ಬಾಗಿಲಲ್ಲಿ ತಡೆದು, ಮೇಷ್ಟರ ಹೆಂಡತಿಗೆ ಕುಂಕುಮ ಇಡು, ಆಕೆಯ ವಿಷಯ ನನಗೆ ಗೊತ್ತಿಲ್ಲ ಎಂದಿದ್ದರು. ಹೋದೆ. ಮೇಷ್ಟರ ಹೆಂಡತಿಗೆ ಕುಂಕುಮ ಇಟ್ಟೆ. ಅಕ್ಕ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ನನ್ನ ಬೆರಳು ಬಟ್ಟಲಿಗೆ ಇಳಿದು ಅಲ್ಲೇ ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅವರು ನೋಡಿದರು.

"ಇಡಮ್ಮ, ಪರವಾಗಿಲ್ಲ. ಅವರು ಇದಾರೆ" ಎಂದು ಹಣೆಯನ್ನು ಮುಂದೆ ಮಾಡಿದರು.

ನಾಚಿಕೆಯಿಂದ ಬೇಗ ಬೇಗ ಕುಂಕುಮ ಇಟ್ಟೆ. ಆ ದಿನ ಅವರೇ ಕೂರಿಸಿಕೊಂಡು ರೇವಿನ ಸಂಗತಿ ಹೇಳಿದರು. ಹಡಗು ಹತ್ತುವ ಕಡೆ ಹೆಂಗಸರ ಸಾಲಿನಲ್ಲಿ ಮೈಮೇಲಿನ ಚಿನ್ನವನ್ನೆಲ್ಲ ತೆಗೆಸುತ್ತಿದ್ದರಂತೆ. ಬಳೆ ಕೊಟ್ಟರು, ಓಲೆ ಕೊಟ್ಟರು. ತಾಳಿಗೆ ಕೈ ಬಂದಾಗ, ಕಂಬಿಯಾಚೆ ನಿಂತಿದ್ದ ಅವರ ಯಜಮಾನರು ಅಧಿಕಾರಿಣಿಯನ್ನು ಬರ್ಮಾ ಭಾಷೆಯಲ್ಲಿ ಬೇಡಿದರಂತೆ: ಬಿಚ್ಚಲೇಬೇಕಾದರೆ ಕಟ್ಟಿದ ಕೈಯೇ ಬಿಚ್ಚಲಿ. ಆಕೆಯೂ ಹೆಣ್ಣು. ತಲೆ ತಗ್ಗಿಸಿ ಅವರನ್ನು ಒಳಗೆ ಬಿಟ್ಟಳಂತೆ. ಅವರೇ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮೇಜಿನ ಮೇಲಿಟ್ಟರು. "ನಾನು ಬಂದು ಕಟ್ತೀನಿ. ಅಲ್ಲೀವರೆಗೂ ಯಾರ ಮಾತಿಗೂ ಅಳಬೇಡ" ಎಂದರಂತೆ.

ಇದನ್ನು ಕೇಳಿ ಬಂದು ಅತ್ತೆಗೆ ಹೇಳಿದೆ. ಅತ್ತೆ ಕೆಟ್ಟವರಲ್ಲ. ಚಿನ್ನ ಹೋದರೆ ಏನಾಯಿತು, ಅರಿಶಿನದ ಕೊಂಬು ಕಟ್ಟಿದರೂ ಅದು ತಾಳಿಯೇ, ಗಂಡ ಬರುವವರೆಗೆ ಅದನ್ನು ಕಟ್ಟಿಕೊಳ್ಳಲಿ, ಗಂಡನಿಗೆ ಶ್ರೇಯಸ್ಸು ಎಂದರು. ನನಗೂ ಅದು ಸರಿ ಎನಿಸಿತು. ನನ್ನ ಬೆರಳು ನಿಂತದ್ದಕ್ಕೆ ಪ್ರಾಯಶ್ಚಿತ್ತವಾದೀತು ಎಂದೂ ಎನಿಸಿತು. ಗೌರಿ ಹಬ್ಬದ ದಿನ ಒಂಬತ್ತು ಎಳೆಯ ದಾರ ಹೊಸೆದು, ಅರಿಶಿನದಲ್ಲಿ ಅದ್ದಿ, ಕೊಂಬು ಕಟ್ಟಿ, ಗೌರಿಯ ಮುಂದಿಟ್ಟು ಪೂಜೆ ಮಾಡಿದೆ. ಬಾಗಿನದ ಜೊತೆ ಅದನ್ನೂ ಹಿಡಿದು, ಬೀದಿಯ ನಾಲ್ವರು ಹೆಂಗಸರನ್ನು ಜೊತೆಮಾಡಿಕೊಂಡು ಹೋದೆ. ಕೇಳಬೇಕಿತ್ತು. ಕೇಳಿದರೆ ಸಂಕೋಚದಿಂದ ಬೇಡ ಎನ್ನುತ್ತಾರೆಂದು ಕೇಳದೆ, ಹಿಂದಿನಿಂದ ಹೋಗಿ ಕತ್ತಿಗೆ ಹಾಕಿಬಿಟ್ಟೆ.

ಗಂಟು ಬೀಳುವ ಮೊದಲೇ ಅವರ ಎರಡೂ ಕೈ ನನ್ನ ಮಣಿಕಟ್ಟನ್ನು ಹಿಡಿದವು. ಬಿಗಿಯಾಗಿ ಹಿಡಿದರು, ಬಳೆ ಒತ್ತಿತು.

"ನಿಮ್ಮ ಕೈ ಒಳ್ಳೇ ಕೈ ಕಣಮ್ಮ. ಆದ್ರೆ ಆ ಕೈ ಅಲ್ಲ."

ಯಾವಾಗಲೂ ನೀನು ಎನ್ನುತ್ತಿದ್ದವರು ಆ ಹೊತ್ತಿನಲ್ಲಿ ನೀವು ಎಂದರು. ಮೂಲೆ ಮನೆಯಾಕೆ, ರಾಯರ ಹೆಂಡತಿ, ಒಳ್ಳೆಯದಕ್ಕೆ ಕಾಲವಿಲ್ಲ ಬನ್ನಿ ಎಂದು ಸೆರಗು ಕೊಡವಿ ಹೊರಟರು. ನಾನು ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಪೂಜೆ ಮಾಡಿದ ದಾರ, ಎಸೆಯುವಂತಿಲ್ಲ, ನಾನು ಕಟ್ಟಿಕೊಳ್ಳುವಂತಿಲ್ಲ. ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಹಿಂದೆ ಒಂದು ಬಟ್ಟಲಲ್ಲಿ ಇಟ್ಟೆ.

ಮಾರನೆಯ ಸಂಜೆ ಅವರು ಏನೂ ಆಗಿಲ್ಲವೆಂಬಂತೆ ವಾರ್ತೆಗೆ ಬಂದರು. ಬರುವಾಗ ಒಂದು ಬಟ್ಟಲು ಹಳದಿ ಗಂಧ ತಂದಿದ್ದರು. ಬರ್ಮಾದಲ್ಲಿ ಹೆಂಗಸರು ಕೆನ್ನೆಗೆ ಹಚ್ಚುವ ಒಂದು ಮರದ ತೊಗಟೆಯ ತುಂಡು ಅವರ ಟ್ರಂಕಿನಲ್ಲಿತ್ತು, ಅದನ್ನು ತೇದದ್ದು. ನನ್ನ ಮಗಳ ಬೆವರುಸಾಲೆಗೆ ಅವರೇ ಬೆನ್ನ ತುಂಬ ಹಚ್ಚಿದರು. ಮೂರು ದಿನದಲ್ಲಿ ವಾಸಿಯಾಯಿತು. ಕ್ಷಮಿಸಿ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ. ಅದು ಅವರ ಸ್ವಭಾವದಲ್ಲಿದ್ದ ಕೊರತೆ ಎಂದೇ ಹೇಳಬೇಕು. ಮೇಷ್ಟರ ಹೆಂಡತಿಯ ಜೊತೆ ಒಂದು ಗೋಡೆ ಬೀರುವಿನ ವಿಷಯಕ್ಕೆ ಮಾತು ಬಿಟ್ಟವರು, ತಿಂಗಳು ಕಳೆದ ಮೇಲೆ ಅವರ ಕುಪ್ಪಸಗಳನ್ನೆಲ್ಲ ಹೊಲಿದುಕೊಟ್ಟರು. ಮಾತು ಮಾತ್ರ ಮೊದಲು ಆಡಲಿಲ್ಲ.

ರಂಗೂನಿನಿಂದ ಕಾಗದಗಳು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವು. ಪಟ್ಟಿ ಅರ್ಧ ಆಯಿತು, ಮುಕ್ಕಾಲು ಆಯಿತು ಎಂದಿರುತ್ತಿತ್ತು. ದೀಪಾವಳಿಯ ಕಾಗದವೇ ಕಡೆ. ಆಮೇಲೆ ನಿಂತವು.

ಕಾರ್ತಿಕ ಹೋಯಿತು, ಧನುರ್ಮಾಸ ಹೋಯಿತು. ಪೋಸ್ಟಿನವನ ಸೈಕಲ್ಲು ಬೀದಿಗೆ ತಿರುಗಿದರೆ ಸಾಕು, ಅಕ್ಕ ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿರುತ್ತಿದ್ದರು. ಆ ಗಿಡ ನೀರು ಹೆಚ್ಚಾಗಿಯೇ ಸತ್ತಿತು. ಮದರಾಸಿನಲ್ಲಿ ಹಿಂದಿ ಬೇಡವೆಂಬ ಗಲಾಟೆಯಾಗಿ ರೈಲುಗಳು ನಿಂತಾಗ, ಕಾಗದ ಅಲ್ಲೇ ಸಿಕ್ಕಿರುತ್ತದೆ ಎಂದು ನಮ್ಮ ಯಜಮಾನರು ಸಮಾಧಾನ ಹೇಳಿದರು. ರೈಲುಗಳು ಮತ್ತೆ ಓಡಿದವು. ಕಾಗದ ಬರಲಿಲ್ಲ.

ಬೀದಿಯ ಬಾಯಿ ಸುಮ್ಮನಿರುತ್ತದೆಯೇ. ಒಂದು ಬೆಳಗ್ಗೆ ಹೂವಿನವಳ ಬುಟ್ಟಿಯ ಸುತ್ತ ನಾವೆಲ್ಲ ನಿಂತಿದ್ದಾಗ ಮೂಲೆ ಮನೆಯಾಕೆ ಯಾರಿಗೋ ಹೇಳುವಂತೆ ಹೇಳಿದರು, "ಬರ್ಮಾ ಹೆಂಗಸರು ಮಾಟ ಮಾಡ್ತಾರಂತೆ. ಅವರ ಕೈ ಅನ್ನ ಉಂಡ ಗಂಡಸು ಮತ್ತೆ ಊರಿನ ದಾರಿ ನೋಡಲ್ವಂತೆ."

ಎಲ್ಲರೂ ಮಲ್ಲಿಗೆಯನ್ನೇ ನೋಡತೊಡಗಿದೆವು. ಅಕ್ಕ ಹೂ ಅಳೆಯುತ್ತಿದ್ದ ಮೊಳ ಮುಗಿಸಿಯೇ ತಲೆ ಎತ್ತಿದರು.

"ಮಾಟ ಗೊತ್ತಿದ್ರೆ ಮೊದಲು ತಮ್ಮ ಗಂಡಂದಿರನ್ನ ಮನೇಲಿ ಕೂರಿಸ್ಕೋತಿದ್ರು ಕಣ್ರೀ. ಆ ಊರಲ್ಲೂ ಗಂಡಸರು ಸಾಯಂಕಾಲ ಆದ್ರೆ ಟೀ ಅಂಗಡೀಲೇ. ನಿಮ್ಮ ರಾಯರ ಥರಾನೇ."

ಹೂವಿನವಳು ಮೊದಲು ನಕ್ಕಳು. ಆಮೇಲೆ ಎಲ್ಲರೂ. ಮೂಲೆ ಮನೆಯಾಕೆಯೂ ತುಟಿ ಕಚ್ಚಿಕೊಂಡರು. ಆದರೆ ವಾಪಸು ಬರುವಾಗ ನಾನು ಅಕ್ಕನ ಪಕ್ಕದಲ್ಲಿದ್ದೆ. ಅಳೆದು ಕೊಂಡ ಹೂವನ್ನು ಬುಟ್ಟಿಯ ಬಳಿಯೇ ಬಿಟ್ಟು ಬಂದಿದ್ದರು, ಅದು ಅವರಿಗೆ ಗೊತ್ತೇ ಇರಲಿಲ್ಲ.

ಅದಾದ ಮೇಲೆ ಮೂರು ದಿನ ಅವರು ವಾರ್ತೆಗೆ ಬರಲಿಲ್ಲ. ನೆಗಡಿಯೆಂದು ಹೇಳಿ ಕಳಿಸಿದರು. ನಾಲ್ಕನೆಯ ದಿನ ಮೆಣಸಿನ ಸಾರು ತೆಗೆದುಕೊಂಡು ಹಿಂದಿನ ಕೋಣೆಗೆ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದರು. ನೆಗಡಿ ಇರಲಿಲ್ಲ. ಕ್ಯಾಲೆಂಡರು ಇನ್ನೂ ಮಂಗಳವಾರವನ್ನೇ ತೋರಿಸುತ್ತಿತ್ತು, ಅಂದು ಶುಕ್ರವಾರ. ದೇವರೇ, ಈ ಸಲವಾದರೂ ಕೇಳದೆ ಏನೂ ಮಾಡದ ಹಾಗೆ ನೋಡಿಕೋ ಎಂದುಕೊಂಡು, ಕೇಳಿದೆ.

"ಅಕ್ಕ, ಮೂರು ಹಾಳೆ ಬಾಕಿ ಇದೆ. ನಾನು ಹರೀಲಾ, ನೀವೇ ಹರೀತೀರಾ?"

ಗೋಡೆಯ ಕಡೆಯಿಂದ ಇತ್ತ ಹೊರಳಿದರು. ಆಮೇಲೆ ಎದ್ದರು. ಜಡೆ ಸುತ್ತಿ ಗಂಟು ಹಾಕಿದರು. ಒಂದೊಂದಾಗಿ ಮೂರೂ ಹರಿದು ತಂತಿಗೆ ಚುಚ್ಚಿದರು. ಸಾರು ಕುಡಿದು, ಮೆಣಸು ಹೆಚ್ಚಾಯಿತು ಎಂದರು. ಆ ಸಂಜೆ ರೇಡಿಯೋ ಮುಂದೆ ಎಂದಿನ ಜಾಗದಲ್ಲಿ ಕೂತಿದ್ದರು. ನನ್ನ ಜನ್ಮದಲ್ಲಿ ದೇವರು ಮಾಡಿಸಿದ ಸರಿಯಾದ ಕೆಲಸಗಳನ್ನು ಎಣಿಸಿದರೆ ಒಂದು ಕೈಯ ಬೆರಳು ಸಾಕು. ಇದು ಅವುಗಳಲ್ಲಿ ಒಂದು.

ಯುಗಾದಿ ಕಳೆದು ಏಪ್ರಿಲ್ ನಡುವಿಗೆ ಒಂದು ಬೆಳಗ್ಗೆ ಅಕ್ಕ ತಾಮ್ರದ ಚೊಂಬು ಹಿಡಿದು ಬೀದಿಗೆ ಬಂದರು. ಬರ್ಮಾದಲ್ಲಿ ಅಂದು ಹೊಸವರ್ಷದ ನೀರಿನ ಹಬ್ಬವಂತೆ. ಹಳೆಯ ವರ್ಷದ ಕೊಳೆ ತೊಳೆಯಲಿ ಎಂದು ಒಬ್ಬರ ಮೇಲೊಬ್ಬರು ನೀರೆರಚುತ್ತಾರಂತೆ. ಬೆಳಗಿನ ಒಂದು ಗಂಟೆ ಮಾತ್ರ ನಲ್ಲಿ ಬರುತ್ತಿದ್ದ ಕಾಲ ಅದು, ಆದರೂ ತಮ್ಮ ಸ್ನಾನದ ನೀರನ್ನು ಉಳಿಸಿಟ್ಟುಕೊಂಡಿದ್ದರು. ಮಕ್ಕಳ ಮೇಲೆ ಚಿಮುಕಿಸಿದರು, ನನ್ನ ಮೇಲೆ ಚಿಮುಕಿಸಿದರು. ಅದೇ ಹೊತ್ತಿಗೆ ನಮ್ಮ ಅತ್ತೆ ಮಡಿಸೀರೆಯಲ್ಲಿ ತುಳಸಿಗೆ ನೀರು ಹಾಕಲು ಹೊರಗೆ ಬರಬೇಕೇ. ಕೈ ಎತ್ತಿಯಾಗಿತ್ತು. ನೀರು ಅತ್ತೆಯ ತಲೆಯ ಮೇಲೆ ಬಿತ್ತು.

ಬೀದಿಯೆಲ್ಲ ಉಸಿರು ಬಿಗಿ ಹಿಡಿಯಿತು. ಮುಟ್ಟಿಸಿಕೊಂಡರೆ ಮೂರು ಚೊಂಬು ಸುರಿದುಕೊಳ್ಳುವ ಅತ್ತೆ. ಅವರು ಮುಖ ಒರೆಸಿಕೊಂಡು ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಗಂಡ ಬರಲಿ, ಅವನಿಗೆ ಹೇಳ್ತೀನಿ ಇರು" ಎಂದರು. ಅಷ್ಟು ತಿಂಗಳಲ್ಲಿ, ಬರುತ್ತಾನೋ ಇಲ್ಲವೋ ಎಂಬ ಅನುಮಾನದ ಸುಳಿವೂ ಇಲ್ಲದೆ ಆ ಮಾತನ್ನಾಡಿದವರು ನಮ್ಮ ಅತ್ತೆ ಒಬ್ಬರೇ. ಅಕ್ಕ ನಗಲು ಹೋಗಿ ಆಗದೆ, ಬಗ್ಗಿ ಅವರ ಕಾಲು ಮುಟ್ಟಿದರು. ಮಡಿಯಲ್ಲಿದ್ದರೂ ಅತ್ತೆ ಕಾಲು ಹಿಂದೆಗೆಯಲಿಲ್ಲ.

ಅವರು ಬಂದು ಸರಿಯಾಗಿ ವರ್ಷ ತುಂಬುವ ಹೊತ್ತಿಗೆ, ಜೂನಿನ ಒಂದು ಶನಿವಾರ ಒಂಬತ್ತೂಕಾಲರ ಸಮಯದಲ್ಲಿ, ನಮ್ಮ ಗೇಟಿನ ಮುಂದೆ ಒಬ್ಬರು ನಿಂತು, ಮೇಷ್ಟರ ಮನೆ ಯಾವುದಮ್ಮ ಎಂದು ಕೇಳಿದರು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಕಂಕುಳಲ್ಲಿ ಎಣ್ಣೆ ಕಾಗದದ ಕೊಡೆ. ಎಡಭುಜ ಸ್ವಲ್ಪ ಇಳಿದಿತ್ತು. ಮೂವತ್ತು ವರ್ಷ ಔಷಧಿ ತೂಗಿ ತೂಗಿ ತಮ್ಮ ಯಜಮಾನರ ಭುಜವೇ ತಕ್ಕಡಿಯಾಗಿದೆ ಎಂದು ಅಕ್ಕ ಎಷ್ಟೋ ಸಲ ನಕ್ಕಿದ್ದರು. ನನಗೆ ಬೇರೆ ಗುರುತು ಬೇಕಿರಲಿಲ್ಲ. ಜಗಲಿಯ ಮೇಲೆ ಕೂರಿ ಎಂದಷ್ಟೇ ಹೇಳಿದೆ.

ಅಕ್ಕ ರೇಷನ್ ಅಂಗಡಿಯ ಸಾಲಿನಲ್ಲಿದ್ದರು. ಮದುವೆಯಾಗಿ ಬಂದ ಮೇಲೆ ಬೀದಿಯಲ್ಲಿ ಜೋರಾಗಿ ನಡೆದೂ ಗೊತ್ತಿಲ್ಲದ ನಾನು ಅಂದು ಬರಿಗಾಲಲ್ಲಿ ಓಡಿದೆ. ಸಾಲಿನ ಮಧ್ಯದಲ್ಲಿ ಅವರನ್ನು ಕಂಡೆ. ಕೊಡೆ ಎಂದೆ, ಅಷ್ಟೇ. ಅವರು ನನ್ನ ಮುಖ ನೋಡಿದರು. ಅಕ್ಕಿಚೀಲವನ್ನು ಹಿಂದೆ ನಿಂತಿದ್ದಾಕೆಯ ಕೈಗೆ ಕೊಟ್ಟರು. ಓಡಲಿಲ್ಲ. ಓಡಿದರೆ ಸುಳ್ಳಾಗಿಬಿಡುತ್ತದೆ ಎಂಬಂತೆ ನೆಲ ನೋಡುತ್ತ ನಡೆದರು. ನಾನೇ ಹಿಂದೆ ಬಿದ್ದೆ.

ಜಗಲಿಯಲ್ಲಿ ಅವರು ಎದ್ದು ನಿಂತರು. ಮೇಷ್ಟರ ಹೆಂಡತಿಯೂ ಅಷ್ಟರಲ್ಲಿ ಓಡಿ ಬಂದಿದ್ದರು. ಅಕ್ಕನ ಯಜಮಾನರು ಅಕ್ಕನ ಕತ್ತನ್ನು ನೋಡಿದರು. ನನ್ನ ಕಡೆ ತಿರುಗಿ, ನೀರು ಕೂಡ ಕೇಳದೆ, "ಅರಿಶಿನದ ದಾರ ಏನಾದ್ರೂ ಇದೆಯಾಮ್ಮ?" ಎಂದು ಕೇಳಿದರು.

ನಾನು ದೇವರ ಗೂಡಿಗೆ ಹೋದೆ. ಕುಂಕುಮದ ಭರಣಿಯ ಹಿಂದೆ ಬಟ್ಟಲು ಇತ್ತು. ಗೌರಿಯ ದಾರ ಬಣ್ಣ ಸ್ವಲ್ಪ ಮಾಸಿತ್ತು, ಕೊಂಬು ಒಣಗಿ ಗಟ್ಟಿಯಾಗಿತ್ತು. ಮತ್ತೆ ಅರಿಶಿನ ಹಚ್ಚಿ ತಂದೆ. ಅಕ್ಕ ಅದನ್ನು ಗುರುತಿಸಿದರು.

ಆಗ ಒಳಗಿನಿಂದ ಅತ್ತೆಯ ದನಿ. "ನಿಲ್ಲಿಸಿ. ಶನಿವಾರ, ಹತ್ತೂವರೆವರೆಗೂ ರಾಹುಕಾಲ. ವರ್ಷ ಕಾದೋಳಿಗೆ ಒಂದು ಗಂಟೆ ಹೆಚ್ಚಾಯ್ತೇ?"

ನನಗೆ ಅತ್ತೆಯ ಮೇಲೆ ಅಷ್ಟು ಕೋಪ ಇನ್ನೊಂದು ಸಲ ಬಂದಿಲ್ಲ. ಅಕ್ಕ ಮಾತ್ರ, "ಕಾಯ್ತೀನಿ ಅಮ್ಮ" ಎಂದು ಜಗಲಿಯ ಆ ತುದಿಯಲ್ಲಿ ಕೂತರು. ಅವರ ಯಜಮಾನರು ಈ ತುದಿಯಲ್ಲಿ ಕೂತರು. ನಾನು ಕೊಟ್ಟ ಕಾಫಿ ಕುಡಿದು, ಎಷ್ಟು ದಿನದ ದಣಿವೋ, ಕಂಬಕ್ಕೊರಗಿದವರು ಹಾಗೇ ನಿದ್ದೆ ಹೋದರು. ಬಾಯಿ ಸ್ವಲ್ಪ ತೆರೆದಿತ್ತು. ಅಕ್ಕ ಸರಿದು ಬಂದು, ಬಿಸಿಲು ಅವರ ಮುಖಕ್ಕೆ ಬೀಳದಂತೆ ಕೊಡೆ ಬಿಚ್ಚಿ ಹಿಡಿದುಕೊಂಡರು. ಒಂದು ಗಂಟೆ ಹಾಗೇ ಹಿಡಿದಿದ್ದರು. ಕೈ ಬದಲಿಸಿದ್ದನ್ನು ನಾನು ಕಾಣಲಿಲ್ಲ. ಅತ್ತೆ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ಗಂಟೆಗಾಗಿ ನಾನು ಈಗ ಅತ್ತೆಗೆ ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತೇನೆ. ಅವಸರದಲ್ಲಿ ಮುಗಿದಿದ್ದರೆ ಆ ಕೊಡೆಯನ್ನು ನಾನು ನೋಡುತ್ತಿರಲಿಲ್ಲ.

ಹತ್ತೂವರೆ ಹೊಡೆಯಿತು. ಅವರು ಎದ್ದು ದಾರಕ್ಕೆ ಕೈ ಚಾಚಿದರು. ವರ್ಷಪೂರ್ತಿ ಏನೇನೋ ಕೂಡಿಟ್ಟುಕೊಂಡಿದ್ದ ಅಕ್ಕ ಗಂಡನಿಗೆ ಹೇಳಿದ ಮೊದಲ ಮಾತು ಇದು:

"ಮೊದಲು ಕೈ ತೊಳ್ಕೊಳ್ಳಿ."

ತೊಳೆದುಕೊಂಡು ಬಂದು ನಮ್ಮ ದೇವರ ಗೂಡಿನ ಮುಂದೆ ಮೂರು ಗಂಟು ಹಾಕಿದರು. ಎರಡನೆಯ ಗಂಟು ಜಾರಿ ಮತ್ತೆ ಹಾಕಿದರು. ಅಕ್ಕ ಆಗ ಅತ್ತರು. ಯಾರ ಮಾತಿಗೂ ಅಳಬೇಡ ಎಂದಿದ್ದು ಬರುವವರೆಗೆ ತಾನೇ. ಅತ್ತೆ ಆರತಿ ಎತ್ತಿ, ಮಡಿಯ ಮೇಲೆ ನೀರು ಹಾಕಿದ ದೂರನ್ನು ಹೇಳಿಯೇ ಹೇಳಿದರು. ಕಾಗದಗಳನ್ನು ಅಕ್ಕನ ಯಜಮಾನರು ತಪ್ಪದೆ ಬರೆದಿದ್ದರಂತೆ, ಎಲ್ಲಿ ನಿಂತವೋ ದೇವರಿಗೇ ಗೊತ್ತು. ಎದುರುಮನೆಯ ಬರ್ಮಾದಾಕೆ ಕಡೆಯ ದಿನದವರೆಗೂ ಅನ್ನ ಹಾಕಿದಳಂತೆ. ಆ ತಾಯಿ ಎಲ್ಲಿದ್ದರೂ ತಣ್ಣಗಿರಲಿ.

ಅಂದು ಸಂಜೆ ನಮ್ಮ ಯಜಮಾನರು ಎಂದಿನ ಹೊತ್ತಿಗೆ ರೇಡಿಯೋ ಹಾಕಿ, ಮುಳ್ಳು ತಿರುಗಿಸಿ, ರಂಗೂನು ಹಿಡಿದು ಕೂತರು. ಆ ನೀರು ಸುರಿದಂಥ ಭಾಷೆ ಬಂತು. ಸ್ವಲ್ಪ ಹೊತ್ತು ಕೇಳಿ, ಬಾಗಿಲ ಕಡೆ ನೋಡಿ, ಇವತ್ತು ಬರುವುದಿಲ್ಲವೇನೋ ಎಂದರು. ಬರುವುದಿಲ್ಲ ಎಂದೆ. ಆರಿಸಿದರು. ಅವರಿಗೆ ಸ್ವಲ್ಪ ಬೇಸರವಾದಂತೆಯೂ ಕಂಡಿತು.

ಆಮೇಲಿನದು ಬಹಳ ವರ್ಷ. ಅಕ್ಕನ ಯಜಮಾನರು ಗಾಂಧಿಬಜಾರಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ತ್ಯಾಗರಾಜನಗರದಲ್ಲಿ ಎರಡು ಕೋಣೆಯ ಮನೆ ಮಾಡಿದರು. ಕೈ ಸ್ವಲ್ಪ ಸುಧಾರಿಸಿದಾಗ ಚಿನ್ನದ ತಾಳಿ ಮಾಡಿಸೋಣ ಎಂದರೆ ಅಕ್ಕ ಒಪ್ಪಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ನಾನು ಒಂಬತ್ತು ಎಳೆಯ ದಾರ ಹೊಸೆದು ಕಳಿಸಬೇಕು, ಅವರು ಕಟ್ಟಬೇಕು. ಆ ದಾರದಲ್ಲೇ, ಮುತ್ತೈದೆಯಾಗಿಯೇ ಹೋದರು. ಈ ವರ್ಷ ಹತ್ತಿ ತಂದಿಟ್ಟಾಗಿತ್ತು.

ಹಾಳೆಗಳನ್ನು ಎರಡು ದಿನ ಕೂತು ಓದಿದೆ. ಭತ್ತ, ಭಾಷಣ, ಮಳೆ, ಹಡಗು, ಶಾಲೆಗಳೂ ಸರಕಾರದ್ದಾದ ಸುದ್ದಿ. ಅದರ ಕೆಳಗೆ ಒಂದೊಂದು ಸಾಲು ನಮ್ಮ ಬೀದಿಯದು. ಇಂದು ನಲ್ಲಿ ಎರಡು ಗಂಟೆ ಬಂತು. ಮೇಷ್ಟರ ಮಗಳು ಮಗ್ಗಿ ಒಪ್ಪಿಸಿದಳು. ಗೌರಿ ಹಬ್ಬದ ಹಾಳೆ ಸಿಕ್ಕಿದಾಗ ಕನ್ನಡಕ ಒರೆಸಿಕೊಂಡೆ. "ರಂಗೂನು: ಸುದ್ದಿ ಇಲ್ಲ. ಪಕ್ಕದ ಮನೆ ಹುಡುಗಿ ದಾರ ತಂದಳು. ಬೇಡವೆಂದೆ. ಅವಳನ್ನು ಅಳಿಸಿದೆ. ದೇವರೇ, ಅವಳು ಅದನ್ನು ಎಸೆಯದಿರಲಿ" ಎಂದಿತ್ತು. ಮೂರು ಹಾಳೆಗಳ ಹಿಂದೆ ಏನೂ ಇಲ್ಲ, ತುಕ್ಕಿನ ಬೊಟ್ಟು ಮಾತ್ರ.

ತಂತಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಆ ಶನಿವಾರದ ಹಾಳೆ. ಅದಾದ ಮೇಲೆ ಅವರು ಒಂದನ್ನೂ ಚುಚ್ಚಿಲ್ಲ. ಮುಂದೆ, ರಾಹುಕಾಲ ಒಂಬತ್ತರಿಂದ ಹತ್ತೂವರೆ ಎಂದು ಅಚ್ಚಾಗಿದೆ. ಹಿಂದೆ ತಿರುಗಿಸಿದೆ. ಎಂದಿನ ಹಾಗೆ ಪುಟ್ಟದಾಗಿ, ನೆಟ್ಟಗೆ ಬರೆದಿದ್ದಾರೆ.

"ರಂಗೂನು: ಇವತ್ತು ಕೇಳಲಿಲ್ಲ."